ಪಿಂಪ್ರಿಯ ಪೆನಿಸಿಲಿನ್, ಬ್ಯಾಕ್ಟೀರಿಯಾದ ಸತು

ಪುಣೆಯಲ್ಲಿರೋ ನಮಗೆಲ್ಲ ಪಿಂಪ್ರಿ ಅಂದ್ರೆ ಟ್ರಾಫಿಕ್ಕು, ವಾಹನ ಕಂಪನಿಗಳು. ಆದರೆ ಕೇಂದ್ರ ಸರ್ಕಾರ ಕಟ್ಟಿದ ಮೊದಲ ಔಷಧ ಕಾರ್ಖಾನೆ, ಹಿಂದೂಸ್ತಾನ್ ಆಂಟಿಬಯೋಟಿಕ್ಸ್, 1954ರಲ್ಲಿ ಸ್ಥಾಪನೆಯಾಗಿದ್ದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ನೆರವು ಕೊಟ್ಟವು. 1955ರಲ್ಲಿ ಪೆನಿಸಿಲಿನ್ ತಯಾರಿಕೆ ಶುರುವಾಯ್ತು.

ಅಷ್ಟು ಹೊತ್ತಿಗೆ ಪೆನಿಸಿಲಿನ್ನಿನ ಶತ್ರು ಯಾರು ಅಂತಲೂ ಗೊತ್ತಾಗಿತ್ತು. ಅದನ್ನು ಹಾಳುಮಾಡುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿದೆ ಅಂತ ಆಕ್ಸ್‌ಫರ್ಡ್‌ನ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ 1940ರಲ್ಲೇ ಬರೆದಿದ್ದರು. ಔಷಧ ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ!

ಪೆನಿಸಿಲಿನ್ ಅಣುವಿನಲ್ಲಿ ನಾಲ್ಕು ಪರಮಾಣುಗಳ ಒಂದು ಉಂಗುರವಿದೆ. ಅದು ಮುರಿದರೆ ಔಷಧ ಸತ್ತಂತೆ. ಈ ಜಾತಿಯ ಬಹುಪಾಲು ಕಿಣ್ವಗಳು ಸೆರಿನ್ ಎಂಬ ಅಮೈನೋ ಆಮ್ಲ ಬಳಸಿ ಉಂಗುರ ಮುರಿಯುತ್ತವೆ. ಆಗ್ಮೆಂಟಿನ್ ಮಾತ್ರೆಯಲ್ಲಿರೋ ಕ್ಲಾವುಲಾನಿಕ್ ಆಮ್ಲ ಆ ಸೆರಿನ್‌ಗೇ ಅಂಟಿಕೊಂಡು ಕಿಣ್ವವನ್ನು ಕೆಡಿಸುತ್ತೆ.

1966ರಲ್ಲಿ ಅದೇ ಅಬ್ರಹಾಂ, ಸಬಾತ್ ಜೊತೆ ಸೇರಿ, ಬೇರೊಂದು ಬಗೆ ತೋರಿಸಿದರು. ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಸತು, ಅಂದ್ರೆ ಜಿಂಕ್, ಬೇಕೇ ಬೇಕು. ಇಡಿಟಿಎ ಹಾಕಿ ಸತು ಕಿತ್ತುಕೊಂಡರೆ ಕೆಲಸ ನಿಲ್ಲುತ್ತೆ, ವಾಪಸ್ ಕೊಟ್ಟರೆ ಮತ್ತೆ ಶುರು.

ಸತು ಅಲ್ಲಿ ಮಾಡೋದೇನು? ಪ್ರೋಟೀನ್ ಸರಪಳಿ ಮಡಚಿಕೊಂಡಾಗ ದೂರದೂರದಲ್ಲಿದ್ದ ಹಿಸ್ಟಿಡಿನ್‌ಗಳು ಒಂದೆಡೆ ಸೇರಿ ಸತುವನ್ನು ಹಿಡಿದುಕೊಳ್ಳುತ್ತವೆ. ಆ ಸತು ನೀರಿನ ಅಣುವನ್ನು ಹರಿತ ಮಾಡುತ್ತೆ, ಉಂಗುರ ಕತ್ತರಿಸೋದು ಆ ನೀರು. ಇಲ್ಲಿ ಸೆರಿನ್‌ಗೆ ಪಾತ್ರವೇ ಇಲ್ಲ, ಹಾಗಾಗಿ ಕ್ಲಾವುಲಾನಿಕ್ ಆಮ್ಲದ ಆಟ ನಡೆಯಲ್ಲ.

2009ರಲ್ಲಿ ಎನ್‌ಡಿಎಂ-1 ವರದಿಯಾಯಿತು. ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ರೋಗಿಯಲ್ಲಿ ಸಿಕ್ಕಿದ್ದು. ಇದರಲ್ಲಿ ಎರಡು ಸತು ಅಯಾನುಗಳಿವೆ, ಕೊನೆಯ ಅಸ್ತ್ರದಂತೆ ಉಳಿಸಿಕೊಂಡಿದ್ದ ಕಾರ್ಬಪೆನೆಮ್‌ಗಳನ್ನೂ ಮುರಿಯುತ್ತೆ. ಜೀನ್ ಇರೋದು ಪ್ಲಾಸ್ಮಿಡ್‌ನಲ್ಲಿ, ಅಂದ್ರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕಾಪಿ-ಪೇಸ್ಟ್ ಆಗುತ್ತೆ.

ಹಾಗಾದ್ರೆ ರೋಗಿಗೂ ಸತು ಕಿತ್ತುಕೊಳ್ಳೋ ಔಷಧ ಕೊಟ್ಟರಾಯ್ತಲ್ಲ? ತೊಂದರೆ ಅಲ್ಲೇ ಇದೆ. ನಮ್ಮ ಕೆಂಪು ರಕ್ತಕಣದಲ್ಲಿ ಇಂಗಾಲದ ಡೈಆಕ್ಸೈಡ್ ನಿಭಾಯಿಸುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಕೂಡ ಸತುವಿನ ಕಿಣ್ವವೇ. ಶತ್ರುವಿನ ಸತು ಮಾತ್ರ ತಡೆದು ನಮ್ಮದನ್ನು ಮುಟ್ಟದ ಔಷಧ ಮಾಡೋದು ಕಷ್ಟದ ಕೆಲಸ.

ಅದಕ್ಕೇ, ನೆಗಡಿ ಬಂದಾಗ ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಆಂಟಿಬಯೋಟಿಕ್ ಕೇಳೋ ಮುಂಚೆ ಯೋಚಿಸಿ. ಸಾಮಾನ್ಯ ನೆಗಡಿ ವೈರಸ್‌ನಿಂದ ಬರೋದು, ಆ ಮಾತ್ರೆ ಅದಕ್ಕೆ ನಾಟೋದೇ ಇಲ್ಲ. ಆದರೆ ಹೊಟ್ಟೆಯಲ್ಲಿರೋ ಬ್ಯಾಕ್ಟೀರಿಯಾಗಳಲ್ಲಿ ಮದ್ದಿಗೆ ಬಗ್ಗದವು ಮಾತ್ರ ಉಳಿದು ಬೆಳೆಯುತ್ತವೆ.