ಔಟಾದವನ ಸೊಂಟಕ್ಕೆ ಬಡಿದ ಚೆಂಡು

ಮಲ್ಲಂದೂರು ಕಡೆ ಶಾಲೆಯಲ್ಲಿ ಖೋ ಖೋ ಆಡಿದವರಿಗೆ ಈ ವಿಷಯ ಬೇಗ ಹಿಡಿಯುತ್ತದೆ. ಓಡುವ ಮೂವರಲ್ಲಿ ಒಬ್ಬ ಔಟಾದರೂ ಆಟ ನಿಲ್ಲುವುದಿಲ್ಲ. ಅವನು ಹೊರಗೆ ಹೋಗುವಾಗಲೇ ಉಳಿದಿಬ್ಬರ ಬೇಟೆ ನಡೆದಿರುತ್ತದೆ. ಹೋಗುವವನು ದಾರಿಗೆ ಅಡ್ಡವಾದರೆ? ಕ್ರಿಕೆಟ್ಟಿನಲ್ಲಿ ಈ ತಾಪತ್ರಯವಿಲ್ಲ, ವಿಕೆಟ್ ಬಿದ್ದ ಕೂಡಲೇ ಚೆಂಡು ಡೆಡ್.

ಬೇಸ್‌ಬಾಲ್, ಸಾಫ್ಟ್‌ಬಾಲ್‌ನಲ್ಲಿ ಹಾಗಲ್ಲ. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಒಬ್ಬನನ್ನು ಔಟ್ ಮಾಡಿದ ಚೆಂಡನ್ನೇ ಎಸೆದು ಇನ್ನೊಬ್ಬನನ್ನೂ ಔಟ್ ಮಾಡಬಹುದು. ಔಟಾದವನು ಅದಕ್ಕೆ ಅಡ್ಡಿ ಮಾಡಿದರೆ ಅವನ ಜೊತೆಗಾರ ಔಟ್. ತಪ್ಪು ಒಬ್ಬನದು, ದಂಡ ಇನ್ನೊಬ್ಬನಿಗೆ! ಆದರೆ ಔಟಾದ ಮೇಲೂ ಓಡುತ್ತಿದ್ದ ಎಂಬುದಷ್ಟೇ ಅಡ್ಡಿಯಲ್ಲ ಎಂದೂ ಬೇಸ್‌ಬಾಲ್ ನಿಯಮ ಹೇಳುತ್ತದೆ. ಓಡುತ್ತಿದ್ದವನು ಇದ್ದಕ್ಕಿದ್ದಂತೆ ಮಾಯವಾಗಲಾರನಲ್ಲ.

ಇದರ ದೊಡ್ಡ ಜಗಳ ನಡೆದದ್ದು 1978ರ ಅಕ್ಟೋಬರ್ 14ರಂದು, ಅಮೆರಿಕದಲ್ಲಿ. ನ್ಯೂಯಾರ್ಕ್ ಯಾಂಕೀಸ್ ಮತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್ ನಡುವೆ ವರ್ಲ್ಡ್ ಸೀರೀಸಿನ ನಾಲ್ಕನೇ ಪಂದ್ಯ. ಸರಣಿಯಲ್ಲಿ ಡಾಡ್ಜರ್ಸ್ 2–1 ಮುಂದೆ, ಈ ಪಂದ್ಯದ ಆರನೇ ಇನ್ನಿಂಗ್ಸಿನಲ್ಲೂ 3–1 ಮುಂದೆ. ಯಾಂಕೀಸಿನ ಥರ್ಮನ್ ಮನ್ಸನ್ ಎರಡನೇ ಬೇಸಿನಲ್ಲಿ, ರೆಜಿ ಜಾಕ್ಸನ್ ಮೊದಲನೆಯದರಲ್ಲಿ. ಆಗಲೇ ಒಬ್ಬ ಔಟ್. ಲೂ ಪಿನೆಲ್ಲಾ ಹೊಡೆದ ಚೆಂಡು ಬಿಲ್ ರಸೆಲ್ ಕೈಗೆ ಬಂದು ಜಾರಿತು. ರಸೆಲ್ ಎತ್ತಿಕೊಂಡು ಎರಡನೇ ಬೇಸ್ ತುಳಿದ, ಜಾಕ್ಸನ್ ಔಟ್. ಮರುಕ್ಷಣ ಮೊದಲ ಬೇಸಿಗೆ ಎಸೆದ. ಪಿನೆಲ್ಲಾ ಔಟಾದರೆ ಮೂರನೇ ಔಟ್, ಇನ್ನಿಂಗ್ಸ್ ಅಲ್ಲಿಗೇ ಮುಗಿಯುತ್ತಿತ್ತು. ಜಾಕ್ಸನ್ ಮಾತ್ರ ಎರಡು ಬೇಸುಗಳ ನಡುವೆಯೇ ನಿಂತಿದ್ದ. ಚೆಂಡು ಅವನ ಸೊಂಟಕ್ಕೆ ಬಡಿದು ಪಕ್ಕಕ್ಕೆ ಹಾರಿತು. ಮನ್ಸನ್ ಓಡಿ ಬಂದು ರನ್ ಗಳಿಸಿದ.

ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಮೈದಾನಕ್ಕೇ ಬಂದು ಕೂಗಾಡಿದ. ಅಂಪೈರ್‌ಗಳು ಜಗ್ಗಲಿಲ್ಲ. ಕ್ರಿಕೆಟ್ಟಿನಲ್ಲಾದರೆ ನಾಯಕನಿಗೆ ಒಂದು ದಾರಿ ಇದೆ. 1980ರಲ್ಲಿ ಮುಂಬೈ ಟೆಸ್ಟಿನಲ್ಲಿ ನಮ್ಮ ಪಕ್ಕದ ಭದ್ರಾವತಿಯವರೇ ಆದ ಗುಂಡಪ್ಪ ವಿಶ್ವನಾಥ್, ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್‌ನನ್ನು ವಾಪಸ್ ಕರೆದಿದ್ದರು. ಭಾರತ ಆ ಪಂದ್ಯ ಸೋತಿತು. ಬೇಸ್‌ಬಾಲ್‌ನಲ್ಲಿ ಅಂಥ ದಾರಿ ಯಾಂಕೀಸಿಗೆ ಇರಲಿಲ್ಲ, ಇದ್ದಿದ್ದರೂ ಬಳಸುತ್ತಿದ್ದರೆಂದು ನಮಗೇನೂ ಅನಿಸುವುದಿಲ್ಲ.

ಮಲ್ಲಂದೂರಿನಲ್ಲಿ ಸಿಗ್ನಲ್ ಸಿಕ್ಕಾಗಲೆಲ್ಲ ನಾವು ಆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇವೆ. ನಿಂತದ್ದು ತಪ್ಪಲ್ಲ. ಆದರೆ ಚೆಂಡು ಹತ್ತಿರ ಬಂದಾಗ ಸೊಂಟ ಅದರ ಕಡೆಗೆ ಹೊರಳುತ್ತದೆ. ಗಾಬರಿಯಾದವನು ಚೆಂಡಿನಿಂದ ದೂರ ಸರಿಯುತ್ತಾನೆ, ಹತ್ತಿರಕ್ಕಲ್ಲ. ನಮ್ಮ ಲೆಕ್ಕದಲ್ಲಿ ಪಿನೆಲ್ಲಾ ಔಟ್, ಆ ರನ್ ಇಲ್ಲ. ಮನಸ್ಸಿನಲ್ಲಿ ಏನಿತ್ತೆಂದು ಅಂಪೈರ್ ಓದಬೇಕಿಲ್ಲ, ಮೈ ಏನು ಮಾಡಿತೆಂದು ನೋಡಿದರೆ ಸಾಕು. ಕಷ್ಟವೆಂದರೆ ಆ ಗಳಿಗೆಯಲ್ಲಿ ಎಲ್ಲರ ಕಣ್ಣೂ ಚೆಂಡಿನ ಮೇಲಿರುತ್ತದೆ.

ಹತ್ತನೇ ಇನ್ನಿಂಗ್ಸಿನಲ್ಲಿ ಯಾಂಕೀಸ್ 4–3ರಿಂದ ಗೆದ್ದಿತು. ಗೆಲುವಿನ ಹೊಡೆತ ಅದೇ ಪಿನೆಲ್ಲಾನದು. ಸರಣಿಯೂ 4–2ರಿಂದ ಅವರ ಪಾಲಾಯಿತು.