ಕಾಯಿಲೆಯ ದಿನದ ಕೂಲಿ: ಬೀಡಿ ಕಾರ್ಮಿಕರ ಹಕ್ಕಿನ ಚರಿತ್ರೆ

ಕ್ರಿ.ಶ. 639ರ ಸುಮಾರಿಗೆ ಸಿರಿಯಾದತ್ತ ಹೊರಟಿದ್ದ ಖಲೀಫಾ ಹಝ್ರತ್ ಉಮರ್ (ರ) ಸರ್ಗ್ ಎಂಬಲ್ಲಿಗೆ ತಲುಪಿದಾಗ, ಮುಂದಿನ ನಾಡಿನಲ್ಲಿ ಪ್ಲೇಗ್ ಹಬ್ಬಿರುವ ಸುದ್ದಿ ಬಂತು. ಸಂಗಾತಿಗಳೊಡನೆ ಸಮಾಲೋಚಿಸಿ ಅವರು ಹಿಂದಿರುಗಿದರು. ರೋಗವಿರುವ ಊರಿಗೆ ಹೋಗಬಾರದು, ಅಲ್ಲಿರುವವರು ಅಲ್ಲಿಂದ ಓಡಬಾರದು ಎಂಬ ಪ್ರವಾದಿ (ಸ)ರ ಆದೇಶವನ್ನು ನಮ್ಮ ಮದ್ರಸಾದ ಮಕ್ಕಳೂ ಬಲ್ಲರು. ಸರಿ, ಆದರೆ ದಿನಗೂಲಿಯವನು ಮನೆಯಲ್ಲೇ ಉಳಿದರೆ ಒಲೆ ಉರಿಯುವುದು ಹೇಗೆ? ನಮ್ಮ ಉಡುಪಿ, ಕಾಪು, ಕಾರ್ಕಳದ ಕಡೆ ಈ ಪ್ರಶ್ನೆ ಹೆಚ್ಚು ಕಾಡಿದ್ದು ಬೀಡಿ ಕಟ್ಟುವ ಮನೆಗಳನ್ನು. ಮುಸ್ಲಿಮರು, ಬಿಲ್ಲವರು, ಇತರರು ಎಂಬ ಭೇದವಿಲ್ಲದೆ ಸಾವಿರಾರು ತಾಯಂದಿರು ಸೂಪನ್ನು ಮಡಿಲಲ್ಲಿಟ್ಟುಕೊಂಡೇ ಸಂಸಾರ ಸಾಗಿಸಿದ ನಾಡು ಇದು.

ಸ್ವತಂತ್ರ ಭಾರತದಲ್ಲಿ ಕಾಯಿಲೆ ಬಿದ್ದ ಕಾರ್ಮಿಕನಿಗೆ ಹಣ ಕೊಡುವ ದೊಡ್ಡ ಏರ್ಪಾಡು 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ಇ.ಎಸ್.ಐ. 1952ರ ಫೆಬ್ರವರಿ 24ರಂದು ಪ್ರಧಾನಿ ನೆಹರೂ ಕಾನಪುರದಲ್ಲಿ ಇದಕ್ಕೆ ಚಾಲನೆ ನೀಡಿದರು. ವೈದ್ಯರ ಪ್ರಮಾಣಪತ್ರವಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇಕಡಾ 70ರಷ್ಟು ಸಿಗುವ ಮಟ್ಟಕ್ಕೆ ಅದು ಬೆಳೆಯಿತು. ಕ್ಷಯದಂತಹ ದೀರ್ಘ ರೋಗಗಳಿಗೆ ಅವಧಿ ಇನ್ನೂ ಹೆಚ್ಚು. ಮಣಿಪಾಲದ ಒಂದು ಮುದ್ರಣಾಲಯದಲ್ಲೋ ಕಾರ್ಖಾನೆಯಲ್ಲೋ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಇದು ಆಸರೆ. ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವಳಿಗೆ ಹಾಜರಿ ಪುಸ್ತಕ ಎಲ್ಲಿದೆ? ಆಕೆ ಬಹುಮಟ್ಟಿಗೆ ಹೊರಗೇ ಉಳಿದಳು. ಹೊಗೆಸೊಪ್ಪಿನ ಧೂಳು ಎದೆಗಿಳಿದು ಕೆಮ್ಮು, ಉಬ್ಬಸ ಬಂದಾಗ ಬ್ರಾಂಚಿಗೆ ಬೀಡಿ ಮುಟ್ಟಿಸಲಿಲ್ಲವೆಂದರೆ ಕೂಲಿಯೂ ಇಲ್ಲ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕಾಯಿಲೆಗೆ ಜಾಗವೇ ಇರಲಿಲ್ಲ.

ಜಾಗ ಮಾಡಿಕೊಟ್ಟದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಇಪ್ಪತ್ತು ದಿನ ದುಡಿದರೆ ಒಂದು ದಿನದ ಸಂಬಳ ಸಹಿತ ರಜೆ ಎಂದು ಅದು ವಿಧಿಸಿತು. 240 ದಿನ ಬೀಡಿ ಕಟ್ಟಿದವಳಿಗೆ 12 ದಿನ. ರಜೆಯ ಕೂಲಿಯನ್ನು ಹಿಂದಿನ ತಿಂಗಳ ಸರಾಸರಿ ಸಂಪಾದನೆಯ ಮೇಲೆ ಲೆಕ್ಕ ಹಾಕಬೇಕು. ಮನೆಯಲ್ಲಿ ದುಡಿಯುವವರ 'ದಿನ' ಯಾವುದು ಎಂಬ ಜಟಿಲ ಪ್ರಶ್ನೆಯನ್ನೂ ಕಾಯ್ದೆ ಬಿಡಿಸಿತು: ಮಧ್ಯರಾತ್ರಿಯಿಂದ ಮಧ್ಯರಾತ್ರಿಯೊಳಗೆ ಬೀಡಿ ಕಟ್ಟಿದ ಎಷ್ಟೇ ಹೊತ್ತಾದರೂ ಅದು ಒಂದು ದಿನ. ಮಗುವನ್ನು ಮಲಗಿಸಿ ದೀಪದಡಿ ಕಟ್ಟಿದ ಒಂದು ಗಂಟೆಗೂ ಬೆಲೆ ಕೊಟ್ಟ ಈ ವಾಕ್ಯ ನನಗೆ ಇಡೀ ಕಾಯ್ದೆಯಲ್ಲೇ ಅತ್ಯಂತ ಮಾನವೀಯವಾಗಿ ಕಾಣುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯೂ ಇದರ ಮೂಲಕವೇ ಮನೆಗೆಲಸದ ಬೀಡಿ ಕಾರ್ಮಿಕರಿಗೆ ಅನ್ವಯವಾಯಿತು.

ಮಾಲೀಕರು ಸುಮ್ಮನೆ ಒಪ್ಪಲಿಲ್ಲ. ಕೇರಳ ಸರಕಾರ 1968ರಲ್ಲಿ ಕಾಯ್ದೆಯನ್ನು ಜಾರಿಗೊಳಿಸಲು ಮುಂದಾದಾಗ ಮಂಗಳೂರು ಗಣೇಶ್ ಬೀಡಿ ಸಂಸ್ಥೆ ಕಣ್ಣೂರು ಕಡೆಯ ತನ್ನ ಕೆಲಸವನ್ನೇ ನಿಲ್ಲಿಸಿತು. ಸಾವಿರಾರು ಮಂದಿ ಬೀದಿಗೆ ಬಿದ್ದರು. 1969ರಲ್ಲಿ ಅಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿದ್ದು ಈ ಸಂಕಟದಿಂದಲೇ. ಕಾಯ್ದೆಯ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ನ್ಯಾಯಾಲಯ 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರೂ ನೌಕರರೇ, ಭವಿಷ್ಯನಿಧಿಗೆ ಅರ್ಹರೇ ಎಂದು 1985ರಲ್ಲಿ ಇನ್ನೊಂದು ತೀರ್ಪು ಬಂತು. ನಡುವೆ 1976ರಲ್ಲಿ ಕ್ಷೇಮನಿಧಿ ಸ್ಥಾಪನೆಯಾಗಿ ಔಷಧಾಲಯಗಳು, ಕ್ಷಯರೋಗಿಗಳಿಗೆ ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ ಬಂದವು. ಆ ನಿಧಿಗಾಗಿ ಬೀಡಿಯ ಮೇಲೆ ವಿಧಿಸುತ್ತಿದ್ದ ಸೆಸ್ 2017ರಲ್ಲಿ ಜಿ.ಎಸ್.ಟಿ. ಬಂದಾಗ ರದ್ದಾಯಿತು.

ಸರ್ಗ್‌ನ ಪ್ರಶ್ನೆ ಮತ್ತೆ ನಮ್ಮ ಬಾಗಿಲಿಗೆ ಬಂದದ್ದು 2020ರ ಕೊರೋನಾ ಕಾಲದಲ್ಲಿ. ಈ ಬಾರಿ ಕಾಯಿಲೆ ಬಿದ್ದವರಷ್ಟೇ ಅಲ್ಲ, ಆರೋಗ್ಯವಂತರೂ ಕೆಲಸಕ್ಕೆ ಹೋಗುವಂತಿರಲಿಲ್ಲ. ಲಾಕ್‌ಡೌನ್ ಅವಧಿಯ ಸಂಬಳವನ್ನು ಕಡಿತವಿಲ್ಲದೆ ಕೊಡಬೇಕೆಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆದೇಶಿಸಿತು. ಮೇ 18ರಿಂದ ಆ ಆದೇಶ ಇಲ್ಲವಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಮಾಲೀಕರೂ ಕಾರ್ಮಿಕರೂ ಮಾತುಕತೆಯಿಂದ ಬಗೆಹರಿಸಿಕೊಳ್ಳಲಿ ಎಂದಿತು. ಮಾತುಕತೆಗೆ ಇಬ್ಬರೂ ಎದುರುಬದುರು ಕೂರಬೇಕಲ್ಲವೇ! ಎಲೆ, ಹೊಗೆಸೊಪ್ಪು ಬಾರದೆ ಕೈಕಟ್ಟಿ ಕುಳಿತ ಹೆಂಗಸಿಗೆ ಗುತ್ತಿಗೆದಾರನ ಮುಖ ಗೊತ್ತು, ಮಾಲೀಕನದ್ದಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಇ.ಎಸ್.ಐ., ಹೆರಿಗೆ ಸೌಲಭ್ಯ ಮತ್ತು 1966ರ ಬೀಡಿ ಕಾಯ್ದೆಗಳು ಅವುಗಳಲ್ಲಿ ಸೇರಿಹೋಗಿವೆ. ಇನ್ನು ರಜೆ ಕೇಳುವವರು ನೋಡಬೇಕಾದುದು ಆ ಸಂಹಿತೆಗಳ ಕಲಮುಗಳನ್ನೇ.

ಕಾನೂನಿನ ಹೆಸರು ಯಾವುದಾದರೂ ಲೆಕ್ಕ ನಿಲ್ಲುವುದು ಬೀಡಿ ಕಾರ್ಡಿನ ಮೇಲೆ. ಅತ್ತೆಯ ಹೆಸರಿನ ಒಂದೇ ಕಾರ್ಡಿನಲ್ಲಿ ಸೊಸೆಯೂ ಬೀಡಿ ಕೊಡುವ ಮನೆಗಳಿವೆ. ಅಲ್ಲಿ ಸೊಸೆಯ ದುಡಿಮೆ ದಿನವಾಗಿ ಎಣಿಕೆಯಾಗುವುದೇ ಇಲ್ಲ. ಆಕೆ ಹಾಸಿಗೆ ಹಿಡಿದರೆ ಕೇಳಲು ಕಾಗದವಿಲ್ಲ. ಶಾಲೆಯಲ್ಲಿ ಅರ್ಜಿ ತುಂಬಿಸುವಾಗ ತಾಯಿಯ ಉದ್ಯೋಗದ ಎದುರು ಮಕ್ಕಳು 'ಗೃಹಿಣಿ' ಎಂದು ಬರೆಯುತ್ತಾರೆ. ಬೀಡಿ ಕಟ್ಟುತ್ತಾರೆಯೇ ಎಂದು ಕೇಳಿದರೆ, "ಹೌದು ಸರ್, ಅದು ಮನೆಯಲ್ಲೇ ಅಲ್ವಾ" ಎನ್ನುತ್ತಾರೆ. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನಕ್ಕೂ ಕೇಳುವುದು ಕಾರ್ಮಿಕರ ಗುರುತುಚೀಟಿಯನ್ನೇ.