ಮುಗ್ಧತೆಯ ಕಾವಲು

ಕಳೆದ ವರ್ಷ ಪೀಣ್ಯದ ಹತ್ತಿರದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಕನ್ನಡ ಪಾಠ ಮಾಡುತ್ತಿದ್ದೆ. ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯಕ್ಕೆ ಆಗಷ್ಟೇ ‘ಕನ್ನಡ ಕಥನದಲ್ಲಿ ಮುಗ್ಧತೆಯ ನಷ್ಟ’ ಎಂದು ಹೆಸರಿಟ್ಟಿದ್ದೆ. ಒಂದು ಮಧ್ಯಾಹ್ನ ಅದನ್ನೇ ತರಗತಿಯಲ್ಲಿ ಉತ್ಸಾಹದಿಂದ ವಿವರಿಸಿದೆ. ಮಗು ಲೋಕವನ್ನು ನಂಬಿರುತ್ತದೆ, ನೋಡಬಾರದ್ದೇನನ್ನೋ ನೋಡುತ್ತದೆ, ನಂಬಿಕೆ ಒಡೆಯುತ್ತದೆ, ಮಗು ದೊಡ್ಡದಾಗುತ್ತದೆ. ಹಿಂದಿನ ಬೆಂಚಿನಲ್ಲಿ ಒಬ್ಬಳು ವಿದ್ಯಾರ್ಥಿನಿ ಕೂತಿದ್ದಳು. ಕಾಲೇಜು ಬಿಟ್ಟ ಮೇಲೆ ದಿನವೂ ಪ್ಯಾಕಿಂಗ್ ಕೆಲಸಕ್ಕೆ ಹೋಗುವವಳು. ಅವಳು ಎದ್ದು ಕೇಳಿದಳು: “ಸಾರ್, ಕಳ್ಕೋಬೇಕು ಅಂದ್ರೆ ಮೊದ್ಲು ಇರ್ಬೇಕಲ್ವಾ?”

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಅಂದು ಸಂಜೆ ಮೆಟ್ರೋದಲ್ಲಿ ಮನೆಗೆ ಬರುವಾಗ, ನನ್ನ ಅಧ್ಯಾಯದ ಬುಡವೇ ಅಲ್ಲಾಡಿದೆ ಎನ್ನಿಸಿತು.

ನಾನು ಬಳಸುತ್ತಿದ್ದ ಚೌಕಟ್ಟು ಯುರೋಪಿನದು. ಗಯಟೆಯ ‘ವಿಲ್ಹೆಲ್ಮ್ ಮೈಸ್ಟರ್’ 1795-96ರಲ್ಲಿ ಪ್ರಕಟವಾಯಿತು. ಒಬ್ಬ ತರುಣ ಮನೆ ಬಿಟ್ಟು, ಅಲೆದು, ಎಡವಿ, ತನ್ನನ್ನು ತಾನು ರೂಪಿಸಿಕೊಳ್ಳುವ ಕಾದಂಬರಿಗಳಿಗೆ ಅದು ಮಾದರಿಯಾಯಿತು. ಆ ಪ್ರಕಾರಕ್ಕೆ ‘ಬಿಲ್ಡುಂಗ್ಸ್‌ರೋಮಾನ್’ ಎಂಬ ಹೆಸರು ಬಂದದ್ದು 19ನೇ ಶತಮಾನದ ಆರಂಭದಲ್ಲಿ. ಇಷ್ಟನ್ನು ನಾವೆಲ್ಲ ಟಿಪ್ಪಣಿಯಲ್ಲಿ ಬರೆದುಕೊಂಡಿರುತ್ತೇವೆ. ವಿಲ್ಹೆಲ್ಮ್ ಒಬ್ಬ ವರ್ತಕನ ಮಗ ಎಂಬುದನ್ನು ಮಾತ್ರ ಮರೆತಿರುತ್ತೇವೆ. ನಾಟಕದ ತಂಡದ ಹಿಂದೆ ಅಲೆಯಲು ಅವನಿಗೆ ಪುರುಸೊತ್ತಿತ್ತು, ಬೆನ್ನಿಗೊಂದು ಮನೆಯಿತ್ತು. ಬಾಲ್ಯ ಎಂಬ ಕಲ್ಪನೆಗೇ ಒಂದು ಚರಿತ್ರೆಯಿದೆ ಎಂದು ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ವಾದಿಸಿದ. ಅವನ ವಾದವನ್ನು ಆಮೇಲೆ ಹಲವರು ಪ್ರಶ್ನಿಸಿದ್ದಾರೆ. ಆದರೆ ಆ ಹುಡುಗಿಯ ಪ್ರಶ್ನೆಯೂ ಅದೇ ಜಾಡಿನದು: ಮುಗ್ಧತೆ ಎಲ್ಲರಿಗೂ ಹುಟ್ಟಿನಿಂದ ಬರುವುದೋ, ಅಥವಾ ಯಾರೋ ಕಾದು ಉಳಿಸಿಕೊಡಬೇಕಾದದ್ದೋ?

ಕನ್ನಡದಲ್ಲಿ ಇದಕ್ಕೆ ಉತ್ತರ ಹುಡುಕಿ ಹೊರಟರೆ ತೀರಾ ಹಿಂದಕ್ಕೆ, ಸುಮಾರು 10ನೇ ಶತಮಾನದ ‘ವಡ್ಡಾರಾಧನೆ’ಗೆ ಹೋಗಬೇಕಾಗುತ್ತದೆ. ಅಲ್ಲಿನ ಮೊದಲ ಕಥೆ ಸುಕುಮಾರಸ್ವಾಮಿಯದು. ಮಗ ಮುನಿಯೊಬ್ಬನನ್ನು ಕಂಡ ದಿನವೇ ಸನ್ಯಾಸಿಯಾಗುತ್ತಾನೆ ಎಂಬ ಭವಿಷ್ಯ ಕೇಳಿದ ತಾಯಿ ಯಶೋಭದ್ರೆ, ಅವನನ್ನು ಭವನದೊಳಗೇ ಇಟ್ಟು ಬೆಳೆಸುತ್ತಾಳೆ. ಉಜ್ಜಯಿನಿಯ ಅರಸ ಮನೆಗೆ ಬಂದಾಗ ದೀಪದ ಬೆಳಕಿಗೆ ಸುಕುಮಾರನ ಕಣ್ಣಲ್ಲಿ ನೀರು ಬರುತ್ತದೆ, ಏಕೆಂದರೆ ಅವನಿಗೆ ಗೊತ್ತಿರುವುದು ರತ್ನದ ಬೆಳಕು ಮಾತ್ರ. ತಲೆಯ ಮೇಲೆ ಹಾಕಿದ ಸಾಸಿವೆ ಕಾಳು ಆಸನಕ್ಕೆ ಬಿದ್ದರೆ ಅದೂ ಅವನಿಗೆ ಒತ್ತುತ್ತದೆ. ಇದನ್ನು ವೈರಾಗ್ಯದ ಕಥೆಯಾಗಿ ಓದುವುದು ರೂಢಿ. ಲೆಕ್ಕದ ಪುಸ್ತಕದ ಹಾಗೂ ಓದಬಹುದು. ಒಬ್ಬ ಹುಡುಗನಿಗೆ ಲೋಕ ಗೊತ್ತಾಗದ ಹಾಗೆ ನೋಡಿಕೊಳ್ಳಲು ಎಷ್ಟು ಸಂಪತ್ತು ಬೇಕು, ಎಷ್ಟು ಜನ ಎಚ್ಚರವಿರಬೇಕು! ಅಷ್ಟಾದರೂ ಒಂದು ರಾತ್ರಿ ಮುನಿಯ ಪಾಠದ ದನಿ ಗೋಡೆ ದಾಟಿ ಬಂದೇ ಬಿಡುತ್ತದೆ.

ಅಲ್ಲಿಂದ ನೇರ 20ನೇ ಶತಮಾನಕ್ಕೆ ಬರುತ್ತೇನೆ. ಯು.ಆರ್. ಅನಂತಮೂರ್ತಿಯವರ ಕಥೆ ‘ಘಟಶ್ರಾದ್ಧ’ವನ್ನು ಗಿರೀಶ ಕಾಸರವಳ್ಳಿ ತಮ್ಮ ಮೊದಲ ಚಿತ್ರವಾಗಿ 1977ರಲ್ಲಿ ತೆರೆಗೆ ತಂದರು. ಸ್ವರ್ಣಕಮಲ ಪಡೆದ ಆ ಕಪ್ಪು ಬಿಳುಪು ಚಿತ್ರ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸದಾಗಿ ಸಂರಕ್ಷಿತ ರೂಪದಲ್ಲಿ ಮತ್ತೆ ಪ್ರದರ್ಶನಗೊಂಡಿತು. ವೇದ ಕಲಿಯಲು ಉಡುಪರ ಮನೆಗೆ ಬಂದ ಪುಟ್ಟ ಹುಡುಗ ನಾಣಿಗೆ, ಅವರ ಮಗಳು ಯಮುನಕ್ಕನೇ ತಾಯಿಯಂತಿರುತ್ತಾಳೆ. ವಿಧವೆಯಾದ ಅವಳು ಗರ್ಭಿಣಿಯಾಗುತ್ತಾಳೆ. ಊರು ಅವಳನ್ನು ಹೊರಗಿಡುತ್ತದೆ, ತಂದೆ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಕೊನೆಗೆ ನಾಣಿಯ ತಂದೆ ಬಂದು ಅವನನ್ನು ಊರಿಗೆ ಕರೆದೊಯ್ಯುತ್ತಾನೆ. ಹೋಗುವ ದಾರಿಯಲ್ಲಿ ತಲೆ ಬೋಳಿಸಿಕೊಂಡ ಯಮುನಕ್ಕ ಮರದಡಿ ಕೂತಿರುವುದು ಅವನಿಗೆ ಕಾಣುತ್ತದೆ.

ನನ್ನ ಅಧ್ಯಾಯದ ಮೊದಲ ಕರಡಿನಲ್ಲಿ ಇದು ನಾಣಿಯ ಕಥೆಯಾಗಿತ್ತು. ವಿದ್ಯಾರ್ಥಿನಿಯ ಪ್ರಶ್ನೆಯ ಮೇಲೆ ಮತ್ತೆ ನೋಡಿದೆ. ನಾಣಿ ಮುಗ್ಧತೆ ಕಳೆದುಕೊಂಡದ್ದು ನಿಜ. ಆದರೆ ಅವನಿಗೆ ಹಿಂತಿರುಗಲು ಊರಿದೆ, ಕೈ ಹಿಡಿದು ಕರೆದೊಯ್ಯಲು ಅಪ್ಪನಿದ್ದಾನೆ. ಅವನ ಪಾಠಕ್ಕೆ ಬೆಲೆ ತೆತ್ತವಳು ಮರದಡಿಯಲ್ಲೇ ಉಳಿದಳು. ನಾವು ‘ಮುಗ್ಧತೆಯ ನಷ್ಟ’ ಎಂದು ಕರೆಯುವುದು ಎಷ್ಟೋ ಸಲ ನೋಡಿದವನ ನಷ್ಟ ಮಾತ್ರ. ಅನುಭವಿಸಿದವರ ನಷ್ಟಕ್ಕೆ ಆ ಹೆಸರು ಸಾಲದು.

ಅನುಭವಿಸಿದವರ ಕಡೆಯಿಂದಲೇ ಬಾಲ್ಯವನ್ನು ಬರೆದ ಪುಸ್ತಕಗಳು 1990ರ ದಶಕದಲ್ಲಿ ಬಂದವು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಆ ಕಾಲದವು. ಸಿದ್ಧಲಿಂಗಯ್ಯ ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದವರು, ಆಮೇಲೆ ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದವರು. ‘ಊರುಕೇರಿ’ಯ ಆರಂಭದಲ್ಲೇ ಒಂದು ನೆನಪಿದೆ. ಹೊಲದಲ್ಲಿ ಇಬ್ಬರ ಹೆಗಲಿಗೆ ನೊಗ ಕಟ್ಟಿ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ. ಮನುಷ್ಯರು ಎತ್ತಿನ ಹಾಗೆ ನಡೆಯುವುದು ಮಗುವಿಗೆ ತಮಾಷೆಯಾಗಿ ಕಾಣುತ್ತದೆ. ಮರುಕ್ಷಣ ಗೊತ್ತಾಗುತ್ತದೆ, ನೊಗ ಹೊತ್ತ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ.

ಇಡೀ ಬೆಳವಣಿಗೆಯ ಕಾದಂಬರಿ ಇಲ್ಲಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗಿದೆ. ಸುಕುಮಾರನಿಗಿದ್ದ ಭವನವಿಲ್ಲ, ನಾಣಿಗಿದ್ದ ಹಿಂತಿರುಗುವ ದಾರಿಯಿಲ್ಲ. ನೋಡಿದವನು ಮತ್ತು ಅನುಭವಿಸಿದವರು ಒಂದೇ ಮನೆಯವರು. ಹಾಗೆಂದು ಆ ಮಗುವಿಗೆ ಮುಗ್ಧತೆ ಇರಲೇ ಇಲ್ಲ ಎನ್ನಲಾರೆ. ಇತ್ತು, ಆ ನಗುವೇ ಅದಕ್ಕೆ ಸಾಕ್ಷಿ. ಅದನ್ನು ಕಾಯಬೇಕಾದವನ ಹೆಗಲ ಮೇಲೆ ನೊಗವಿತ್ತು. ಹಾಗಿದ್ದೂ ‘ಊರುಕೇರಿ’ ಗೋಳಿನ ಪುಸ್ತಕವಾಗಲಿಲ್ಲ. ಉದ್ದಕ್ಕೂ ಹಾಸ್ಯವಿದೆ, ನಗು ಮತ್ತೆ ಮತ್ತೆ ವಾಪಸು ಬರುತ್ತದೆ. ಅದು ಏನನ್ನೂ ಅರಿಯದವನ ನಗುವಲ್ಲ, ಎಲ್ಲ ಅರಿತವನದು.

ಇದರ ತಿರುವುಮುರುವು ರೂಪ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿದೆ. 2013ರಲ್ಲಿ ಬಂದ ಈ ಕಿರುಕಾದಂಬರಿಯ ನಿರೂಪಕ ಬೆಂಗಳೂರಿನವನು. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಇಕ್ಕಟ್ಟಿನ ಮನೆಯ ಸಂಸಾರ ಶ್ರೀಮಂತವಾಗುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಣ್ಣನ್ನು ಮನೆಯವರು ಬೈದು ಅಟ್ಟುವಾಗ ಅವನು ಅಲ್ಲೇ ಇರುತ್ತಾನೆ, ಏನೂ ಮಾಡುವುದಿಲ್ಲ. ಪ್ರಶ್ನೆ ಕೇಳುವ ಹೆಂಡತಿ ಮನೆಗೆ ಹೊರೆಯಾಗುತ್ತಾಳೆ. ವಯಸ್ಸಾದ ಮೇಲೂ ತನ್ನ ಮುಗ್ಧತೆಯನ್ನು ತಾನೇ ಕಾದುಕೊಳ್ಳುವವನು ಇವನು. ಕಾಣದ ಹಾಗೆ ಇದ್ದುಬಿಡುವುದೇ ಅವನ ಉಪಾಯ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ನನ್ನ ಗೆಳೆಯರು ಈ ಪುಸ್ತಕ ಓದಿ ಸ್ವಲ್ಪ ಹೊತ್ತು ಸುಮ್ಮನಾಗುವುದನ್ನು ನೋಡಿದ್ದೇನೆ. ನಮ್ಮ ಅಪಾರ್ಟ್‌ಮೆಂಟನ್ನು ಯಾರು ಗುಡಿಸುತ್ತಾರೆ, ಅವರು ಎಲ್ಲಿಂದ ಬಂದವರು, ಅವರ ಮಕ್ಕಳು ಹಗಲು ಎಲ್ಲಿರುತ್ತಾರೆ ಎಂದು ಕೇಳದೆ ಇರುವುದೂ ಒಂದು ಬಗೆಯ ಮುಗ್ಧತೆಯೇ.

ಈ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡುವಾಗ, ನಾನೇ ಮರೆತಂತಿದ್ದ ಒಂದು ಸಂಗತಿ ನೆನಪಾಯಿತು. ಅದನ್ನು ಸಿದ್ಧಲಿಂಗಯ್ಯನವರ ನೆನಪಿಗೆ ಸರಿಸಾಟಿಯಾಗಿ ಹೇಳುತ್ತಿಲ್ಲ. ಎರಡೂ ಬೇರೆ ತೂಕದವು.

ನನ್ನ ಅಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಊಟದ ಕ್ಯಾರಿಯರ್ ಕೊಡುವುದು ನನ್ನ ಕೆಲಸ. ನನಗೆ ಆಗ ಹತ್ತು ವರ್ಷ. ಲೇತಿನಿಂದ ಸುರುಳಿ ಸುರುಳಿಯಾಗಿ ಬೀಳುವ ಕಬ್ಬಿಣದ ಎಳೆ ನೋಡುವುದೆಂದರೆ ನನಗೆ ಜಾತ್ರೆಯಷ್ಟೇ ಖುಷಿ. ಒಂದು ದಿನ ಬಾಗಿಲಲ್ಲಿ ನಿಂತಾಗ, ಅಪ್ಪನಿಗಿಂತ ತುಂಬಾ ಚಿಕ್ಕವನೊಬ್ಬ ಅವರನ್ನು ಏಕವಚನದಲ್ಲಿ ಬೈಯುತ್ತಿದ್ದ. ಯಾವುದೋ ಅಳತೆ ತಪ್ಪಿತ್ತಂತೆ. ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ತಲೆ ಎತ್ತಿದಾಗ ನಾನು ಕಂಡೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂದದ್ದು ಒಂದೇ ಮಾತು: “ನಾಳೆಯಿಂದ ಊಟ ನಾನೇ ತಗೊಂಡು ಹೋಗ್ತೀನಿ. ಬಿಸಿಲು ಜಾಸ್ತಿ, ನೀನು ಬರ್ಬೇಡ.”

ನನಗೆ ಸಿಟ್ಟು ಬಂದಿತ್ತು. ಲೇತು ನೋಡುವುದು ತಪ್ಪಿತಲ್ಲ ಎಂದು. ಸ್ವಲ್ಪ ದೊಡ್ಡವನಾದ ಮೇಲೆ, ಅಪ್ಪನಿಗೆ ಅವಮಾನವಾಗಿತ್ತು, ಅದಕ್ಕೇ ಹಾಗೆ ಹೇಳಿದರು ಎಂದುಕೊಂಡೆ. ಈಗ ಅನ್ನಿಸುತ್ತದೆ, ಅವರು ಕಾವಲಿಗೆ ನಿಂತಿದ್ದರು. ಭವನವಿಲ್ಲದ, ರತ್ನದ ಬೆಳಕಿಲ್ಲದ ಒಬ್ಬ ತಂದೆಗೆ ಸಾಧ್ಯವಿದ್ದ ಕಾವಲು ಅಷ್ಟೇ: ಬೆಳಿಗ್ಗೆಯೇ ತಂಗಳು ಕಟ್ಟಿಕೊಂಡು ಹೊರಡುವುದು.

ಪರೀಕ್ಷೆಗೆ ಮೊದಲು ಆ ವಿದ್ಯಾರ್ಥಿನಿಗೆ ‘ಊರುಕೇರಿ’ ಕೊಟ್ಟೆ. ಎರಡು ವಾರದ ನಂತರ ವಾಪಸು ತಂದುಕೊಟ್ಟಳು. ಹೇಗಿತ್ತು ಎಂದು ಕೇಳಿದೆ. “ನಮ್ಮಪ್ಪನಿಗೂ ಓದಿ ಹೇಳ್ದೆ ಸಾರ್. ತುಂಬಾ ನಕ್ರು,” ಅಂದಳು. ನೊಗದ ಭಾಗವನ್ನೂ ಓದಿದೆಯಾ ಎಂದೆ.

“ಇಲ್ಲ ಸಾರ್, ಅದು ಬಿಟ್ಟೆ,” ಅಂದಳು.

ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ.